ಶಾಮಿಯಾನದ ಹಿಂದೆ ರಿಮೋಟು

ಪೂಜೆ ಆದ ಮೇಲೆ ವಿಮಾನವನ್ನು ಮುಟ್ಟಬೇಡ ಎಂದು ಸುಧಾಕರ್ ಸರ್ ನನಗೆ ಹೇಳಿದರು. ವಿಮಾನವನ್ನು ಕಟ್ಟಿದವಳು ನಾನು.

ಬಟ್ಟೆ ಅಲುಗುತ್ತಿದೆ, ಶಾಮಿಯಾನದ್ದು, ಒಂದು ಪಟ್ಟಿ ಹಳದಿ ಒಂದು ಪಟ್ಟಿ ಕೆಂಪು, ಗಾಳಿ ಬಂದಾಗ ಸಂದಿ ಅಗಲವಾಗುತ್ತದೆ, ನಿಂತರೆ ಮುಚ್ಚಿಕೊಳ್ಳುತ್ತದೆ, ತೆಂಕಣ ಗಾಳಿ, ಬಂಡೀಪುರದ ಕಡೆಯಿಂದ, ಹಾರಿಸುವುದಕ್ಕೆ ಒಳ್ಳೆಯ ಗಾಳಿ — ನೋಡು, ಇಂಥ ಹೊತ್ತಿನಲ್ಲೂ ಗಾಳಿಯನ್ನೇ ಅಳೆಯುತ್ತೀಯ, ತಲೆ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ, ಎದೆ ಮಾತ್ರ ಎಲ್ಲೋ ನಿಂತುಬಿಟ್ಟಿದೆ. ಸಂದಿಯಲ್ಲಿ ಗುಂಡ್ಲುಪೇಟೆಯ ಈ ಕಾಲೇಜಿನ ಮೈದಾನ ಕಾಣುತ್ತದೆ, ಸುಣ್ಣದ ಗೆರೆ ಎಳೆದ ಓಟದ ಹಾದಿ ಕಾಣುತ್ತದೆ, ಹಾದಿಯ ಮೇಲೆ ಪುಟ್ಟಿ. ಪುಟ್ಟಿ ಅಂದರೆ ವಿಮಾನವೇ, ನಮ್ಮಜ್ಜಿ ಇಟ್ಟ ಹೆಸರು. ಬೆಳಿಗ್ಗೆ ಚಾಮರಾಜನಗರದ ನಮ್ಮ ಕಾಲೇಜಿನಿಂದ ಬಸ್ಸಿನಲ್ಲಿ ಬರುವಾಗ ಅದರ ರೆಕ್ಕೆ ನನ್ನ ತೊಡೆಯ ಮೇಲಿತ್ತು, ಕಂಡಕ್ಟರು ಇದಕ್ಕೂ ಟಿಕೆಟ್ ತಗೋಬೇಕಮ್ಮ ಅಂತ ನಗೆಯಾಡಿದ, ಆಗ ಯಾರೂ ಮುಟ್ಟಬೇಡ ಅನ್ನಲಿಲ್ಲ. ಈಗ ನನಗೂ ಅದಕ್ಕೂ ನಡುವೆ ಒಂದು ಬಟ್ಟೆ. ನಾನು ನಿಂತಿರುವುದು ವೇದಿಕೆಯ ಹಿಂದೆ, ನೀರಿನ ಕ್ಯಾನುಗಳ ಪಕ್ಕ, ನೆತ್ತಿಯ ಮೇಲೆ ಬ್ಯಾನರಿನ ಬೆನ್ನು — ಏರೋಸ್ಪೇಸಿನಲ್ಲಿ ನಿಮ್ಮ ನಾಳೆ, ವಿದ್ಯಾರ್ಥಿಗಳಿಗೂ ಯುವ ಎಂಜಿನಿಯರುಗಳಿಗೂ ಒಂದು ದಿನದ ಶಿಬಿರ — ಬಿಸಿಲಿಗೆ ಅಕ್ಷರಗಳೆಲ್ಲ ತಿರುವುಮುರುವಾಗಿ ಈ ಕಡೆಗೆ ಮೂಡಿವೆ. ಕೈಯಲ್ಲಿ ರಿಮೋಟು ಬೆವರಿದೆ. ಇದನ್ನು ನಾನು ಮುಟ್ಟಬಹುದಂತೆ, ಇದಕ್ಕೆ ಪೂಜೆ ಆಗಿಲ್ಲ. ಇಲ್ಲಿಂದಲೇ ಹಾರಿಸಬೇಕಂತೆ. ಅಲ್ಲಿ ಜನದ ಮುಂದೆ ನಮ್ಮ ಕ್ಲಾಸಿನ ಕಿರಣ್ ಕುಮಾರ್ ನಿಲ್ಲುತ್ತಾನಂತೆ, ಅವನ ಕೈಯಲ್ಲಿ ನಮ್ಮ ಹಳೆಯ ರಿಮೋಟು, ಬ್ಯಾಟರಿ ಇಲ್ಲದ್ದು. ನಾನು ಹಾರಿಸಬೇಕು, ಹಾರಿಸಿದವನು ಅವನು. ಇದನ್ನು ಸುಧಾಕರ್ ಸರ್, ನಮ್ಮ ಪ್ರಾಜೆಕ್ಟಿನ ಮೇಷ್ಟ್ರು, ಹೇಳಿದಾಗ ನಾನು ಹ್ಞೂಂ ಅಂದೆನಾ? ಅಂದಿರಬೇಕು. ಇಲ್ಲದಿದ್ದರೆ ಈ ಕಾಲುಗಳು ಇಲ್ಲಿಗೆ ಹೇಗೆ ಬಂದವು.

ಬೆಳಿಗ್ಗೆ ಕೈ ಕುಲುಕುವುದನ್ನು ಕಲಿಸಿದರು. ನಗು ಬರುತ್ತಿಲ್ಲ, ಬರಬೇಕಿತ್ತು. ಬೆಂಗಳೂರಿನಿಂದ ಬಂದ ಟ್ರೇನರು, ಕೋಟು ಹಾಕಿದ್ದ, ಈ ಬಿಸಿಲಲ್ಲಿ, ಇಂಟರ್‌ವ್ಯೂಗೆ ಹೋದಾಗ ಮೊದಲು ಮಾತಾಡುವುದು ನಿಮ್ಮ ಬಾಯಲ್ಲ ನಿಮ್ಮ ಕೈ, ಗಟ್ಟಿಯಾಗಿ ಹಿಡೀಬೇಕು, ಹಿಂಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಎಲ್ಲಿ, ಎಲ್ಲರೂ ಎದ್ದು ಅಕ್ಕಪಕ್ಕದವರ ಕೈ ಕುಲುಕಿ — ಸಭಾಂಗಣದಲ್ಲಿ ಗದ್ದಲವೋ ಗದ್ದಲ, ಗೆಳತಿ ಸ್ಪಂದನಾ ನನ್ನ ಕೈಯನ್ನು ಎತ್ತಿ ಎತ್ತಿ ಪಂಪು ಹೊಡೆದಳು, ನಮಸ್ಕಾರ ಮೇಡಂ, ನಾನು ಸ್ಪಂದನಾ, ನಮಗೆ ಕೆಲಸ ಕೊಟ್ಟರೆ ನಿಮ್ಮ ರಾಕೆಟ್ಟು ಬೀಳೋದು ಗ್ಯಾರಂಟಿ, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಿರಣನೂ ಕುಲುಕಿದ, ಮೆತ್ತನೆಯ ಕೈ. ಆಮೇಲೆ ಟ್ರೇನರು ಈಗ ನಮ್ಮ ಹಿರಿಯರೂ ಬರಲಿ ಅಂದ, ಮುಂದಿನ ಸಾಲಿನಿಂದ ನೀಲಕಂಠಸ್ವಾಮಿಯವರು ಎದ್ದರು, ನಮ್ಮ ಕಾಲೇಜಿನ ಆಡಳಿತ ಮಂಡಳಿ ಅಧ್ಯಕ್ಷರು, ಕಿರಣನ ದೊಡ್ಡಪ್ಪ, ಬಿಳಿ ಪಂಚೆ, ನಗುತ್ತಾ ಸಾಲುದ್ದ ಕೈ ಕುಲುಕುತ್ತಾ ಬಂದರು, ನನ್ನ ಹತ್ತಿರ ಬಂದರು, ಕೈ ಚಾಚಿದರು, ಸುಧಾಕರ್ ಸರ್ ಹೇಳಿದರು ಇವಳೇ ಸರ್ ಶಿವರಂಜಿನಿ, ವಿಮಾನ ಕಟ್ಟಿರೋಳು, ಹಾರಿಸೋಳೂ ಇವಳೇ. ಓಹೋ, ಭೇಷ್, ಯಾವೂರಮ್ಮ ನಿಂದು? ಉಮ್ಮತ್ತೂರು ಸರ್. ಉಮ್ಮತ್ತೂರಾ, ನಮ್ಮ ನೆಂಟ್ರವ್ರೆ ಅಲ್ಲಿ, ಯಾರ ಮನೆ ಪೈಕಿ? ರಾಚಯ್ಯನ ಮಗಳು ಸರ್. ಯಾವ ರಾಚಯ್ಯ, ಯಾವ ಬೀದಿ? ಕೆಳಗಣ ಬೀದಿ ಸರ್. ಬೀದಿ ಹೇಳಿದ್ದು ನಾನೇ, ಸುಲಭವಾಗಿ ಬಾಯಿಗೆ ಬಂತು, ಬಸ್ಸು ಎಲ್ಲಿ ನಿಲ್ಲುತ್ತದೆ ಅಂದರೆ ಹೇಳುವ ಹಾಗೆ. ಆಗ ಆ ಕೈ — ಅರ್ಧ ದಾರಿ ಬಂದಿದ್ದ ಕೈ — ಹಿಂದೆ ಹೋಗಲಿಲ್ಲ, ಹಿಂದೆ ಹೋಗಿದ್ದರೆ ಯಾರಾದರೂ ನೋಡುತ್ತಿದ್ದರು, ಅದು ಮೇಲೆ ಹೋಯಿತು, ಇನ್ನೊಂದು ಕೈಯನ್ನು ಕರೆದುಕೊಂಡಿತು, ಎರಡೂ ಸೇರಿ ನಮಸ್ಕಾರವಾಯಿತು. ಒಳ್ಳೇದಾಗ್ಲಿ ಕಣಮ್ಮ. ನನ್ನ ಕೈ ಗಾಳಿಯಲ್ಲೇ ಇತ್ತು, ಗಟ್ಟಿಯಾಗಿ, ಹಿಂಡದೆ, ಟ್ರೇನರು ಹೇಳಿಕೊಟ್ಟ ಹಾಗೆಯೇ. ಮುಂದಿನವಳ ಕೈಯನ್ನು ಅವರು ಕುಲುಕಿದರು. ದೊಡ್ಡವರು, ಹೆಣ್ಣುಮಕ್ಕಳ ಕೈ ಮುಟ್ಟುವುದಿಲ್ಲವೇನೋ ಅಂದುಕೊಂಡೆ, ಮುಂದಿನವಳೂ ಹೆಣ್ಣೇ ಆಗಿದ್ದಳು, ಆದರೂ ಹಾಗೇ ಅಂದುಕೊಂಡೆ, ಅಂದುಕೊಳ್ಳುವುದಕ್ಕೆ ಎಷ್ಟು ಚೆನ್ನಾಗಿ ಬರುತ್ತದೆ ನನಗೆ.

ಕೈ. ಈ ಕೈಗೆ ಬ್ಲೇಡು ತಾಗಿದ ಗೆರೆಗಳಿವೆ, ಅಂಟು ಒಣಗಿದ ಚರ್ಮ ಇನ್ನೂ ಬೆರಳ ತುದಿಯಲ್ಲಿ ಸುಲಿಯುತ್ತದೆ. ರೆಕ್ಕೆಯ ಹಗುರ ಮರದ ಪಟ್ಟಿಗಳನ್ನು ಕೊಯ್ದಿದ್ದು ಕಾಲೇಜಿನ ವರ್ಕ್‌ಶಾಪಿನಲ್ಲಿ, ಜೋಡಿಸಿದ್ದು ಮನೆಯಲ್ಲಿ, ರಜೆಯಲ್ಲಿ, ಪಡಸಾಲೆಯಲ್ಲಿ, ಅಜ್ಜಿ ದೊಡ್ಡಮಾದಮ್ಮ ಎಲೆ ಮೆಲ್ಲುತ್ತಾ ನೋಡುತ್ತಿದ್ದಳು, ಇದ್ಯಾನಮ್ಮಿ ಇದು, ಕೋಳಿ ಪಂಜರನಾ? ವಿಮಾನ ಕಣಜ್ಜಿ. ಇಮಾನನಾ? ಇದ್ರೊಳಗೆ ಒಂದ್ ಪಿಳ್ಳೆ ಕೂರಕೂ ಜಾಗಿಲ್ವಲ್ಲಮ್ಮಿ. ಕೂರಕಲ್ಲಜ್ಜಿ, ಬರೀ ಹಾರಕೆ. ಯಾರೂ ಕೂರ್ದಿದ್ಮೇಲೆ ಅದ್ಯಾಕ್ ಹಾರದು, ಅದ್ಕೂ ನಿಂಗೂ ಬ್ಯಾರೆ ಗೇಯ್ಮೆ ಇಲ್ವಾ — ಅಂದವಳೇ, ರೆಕ್ಕೆಗೆ ತೆಳು ಪ್ಲಾಸ್ಟಿಕ್ ಹೊದಿಕೆ ಹಾಕಿ ಇಸ್ತ್ರಿ ಪೆಟ್ಟಿಗೆಯ ಬಿಸಿಯಲ್ಲಿ ಬಿಗಿ ಮಾಡುವಾಗ ಇನ್ನೊಂದು ತುದಿಯನ್ನು ಎಳೆದು ಹಿಡಿದುಕೊಂಡಳು, ಪುಟ್ಟಿಗೆ ಲಂಗ ಒಲ್ದಂಗಾಯ್ತು ಬುಡು ಅಂದಳು, ಅಲ್ಲಿಂದ ಅದು ಪುಟ್ಟಿ. ಹರವೆಯ ಹತ್ತಿರ ಬತ್ತಿದ ಕೆರೆಯಂಗಳದಲ್ಲಿ ಮೊದಲು ಹಾರಿದ್ದು, ನಾನೂ ಸ್ಪಂದನಾಳೂ, ಸುಧಾಕರ್ ಸರ್ ತಮ್ಮ ಬೈಕಿನಲ್ಲಿ ಬಂದಿದ್ದರು, ತಲೆಗೆ ಕರ್ಚೀಫು ಕಟ್ಟಿಕೊಂಡು ನಮ್ಮ ಜೊತೆ ಓಡಿದರು, ಪುಟ್ಟಿ ನೆಲ ಬಿಟ್ಟಾಗ ನಮಗಿಂತ ಜೋರಾಗಿ ಕೂಗಿದರು. ಅದೇ ಸರ್. ಹಾರಿಸುವ ಮೊದಲು ಪ್ರತಿ ಸಲವೂ ಕೈಯಲ್ಲಿ ಎತ್ತಿ ನೋಡಬೇಕು ಅಂತ ಕಲಿಸಿದವರೂ ಅವರೇ, ಎರಡು ರೆಕ್ಕೆಯ ಕೆಳಗೆ ಗುರುತಿನ ಮೇಲೆ ಒಂದೊಂದು ಬೆರಳು, ಮೆಲ್ಲಗೆ ಮೇಲೆತ್ತು, ಮೂಗು ಚೂರು ಕೆಳಗೆ ಬಾಗಿದರೆ ಸರಿ, ಬಾಲ ಬಾಗಿದರೆ ಹಾರಿಸಬೇಡ, ಎದ್ದ ಮೇಲೆ ನಿನ್ನ ಮಾತು ಕೇಳಲ್ಲ ಅದು, ಎತ್ತಿ ನೋಡದೆ ಯಾವ ವಿಮಾನವನ್ನೂ ಹಾರಿಸಬೇಡ ರಂಜಿನಿ, ಯಾರು ಹೇಳಿದರೂ. ಯಾರು ಹೇಳಿದರೂ ಅಂದಿದ್ದರು. ಕಿರಣನೂ ನಮ್ಮ ಟೀಮಿನವನೇ, ಹರವೆಗೆ ಬಂದಿದ್ದು ಒಂದೇ ಸಲ, ಕೊಡೆ ರಂಜು ನಾನೊಂದ್ಸಲ ಅಂತ ರಿಮೋಟು ಕಿತ್ತುಕೊಂಡ, ಎರಡು ಹೆಬ್ಬೆರಳನ್ನೂ ಮೊಬೈಲಿನಲ್ಲಿ ಗೇಮ್ ಆಡುವವನ ಹಾಗೆ ಅದುಮಿದ, ಪುಟ್ಟಿ ನೆಟ್ಟಗೆ ಹೋಗಿ ಹುರುಳಿ ಹೊಲಕ್ಕೆ ಬಿತ್ತು. ಹೊಲದ ಶಿವಣ್ಣ ಕುಡುಗೋಲು ಹಿಡಿದು ಬಂದ, ಯಾವನ್ಲಾ ಇದ ಬುಟ್ಟೋನು, ಪಾಕಿಸ್ತಾನದೋನಾ? ಇಲ್ಲಣ್ಣ, ಚಾಮರಾಜನಗರದೋರೇ. ಅಂಗಾದ್ರೆ ಇನ್ನೂ ಮೋಸ, ನನ್ ಉಳ್ಳಿ ಯಾವನ್ಲಾ ಕೊಡೋನು — ಬೈಯುತ್ತಲೇ ಬಳ್ಳಿಯಿಂದ ರೆಕ್ಕೆಯನ್ನು ಬಿಡಿಸಿಕೊಟ್ಟ, ಮುರಿಯದ ಹಾಗೆ.

ಪೂಜೆ ಮಾಡದೆ ಹೆಂಗೆ ಮೇಷ್ಟ್ರೆ. ಊಟ ಆದ ಮೇಲೆ ನೀಲಕಂಠಸ್ವಾಮಿಯವರು ಎತ್ತಿದ ಮಾತು. ಹೊಸ ಟ್ರ್ಯಾಕ್ಟರ್ ತಂದ್ರೂ ಮಾಡ್ತೀವಿ, ಬೋರ್‌ವೆಲ್ ಮೋಟ್ರು ಇಳಿಸಿದ್ರೂ ಮಾಡ್ತೀವಿ, ಇದು ಗಾಳೀಲಿ ಹೋಗೋದು. ಯಾರಿಗೂ ತಪ್ಪೆನಿಸಲಿಲ್ಲ, ನನಗೂ. ಆಯುಧಪೂಜೆಯಲ್ಲಿ ವರ್ಕ್‌ಶಾಪಿನ ಲೇತಿಗೂ ನಾವೇ ಕುಂಕುಮ ಇಟ್ಟಿಲ್ಲವೇ. ಚೆಂಡುಹೂವಿನ ಹಾರ ಬಂತು, ಇಲ್ಲಿ ಅದಕ್ಕೇನು ಬರ, ಹೊಲದ ತುಂಬ ಅದೇ, ವಿಭೂತಿ ಬಂತು, ಅರಿಶಿನ ಬಂತು, ಗಾಲಿಯ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದರು. ನಿಂಬೆಹಣ್ಣು ಪುಟ್ಟಿಯ ಗಾಲಿಗಿಂತ ದೊಡ್ಡದು. ಹತ್ತಿಸಿದರೆ ಗಾಲಿ ಮುರಿಯುತ್ತದೆ, ಹತ್ತುವುದೂ ಇಲ್ಲ. ಎಲ್ಲರೂ ನಕ್ಕರು, ಅವರೂ ನಕ್ಕರು, ಅದ್ಕೇನೀಗ, ಲಾರಿಗೆ ಕಟ್ಟಂಗೆ ಕಟ್ಬುಡಿ ಅಂದರು, ಕಪ್ಪು ದಾರದಲ್ಲಿ ಪೋಣಿಸಿ ಬಾಲಕ್ಕೆ ಕಟ್ಟಿದರು, ಹಾರವನ್ನೂ ಬಾಲದ ಮೇಲೆಯೇ ಹಾಕಿದರು, ಮುಂದೆ ಹಾಕಿದರೆ ಫ್ಯಾನಿಗೆ ಸಿಕ್ಕೀತು ಅಂತ. ರೆಕ್ಕೆಯ ಮೇಲೆ ಅರಿಶಿನ ಬಳಿದರು, ಅಂಗೈಯಗಲ. ನಾನು ಆ ಹಳದಿಯನ್ನೇ ನೋಡುತ್ತಿದ್ದೆ. ಅಮ್ಮನ ಕೈ ಕಂಡಿತು. ಅಮ್ಮ ನೀಲಾವತಿ, ಸುಗ್ಗಿಯಲ್ಲಿ ಅರಿಶಿನ ಕುದಿಸುವ ಕೊಪ್ಪರಿಗೆಯ ಮುಂದೆ ನಿಂತು ನಿಂತು, ಹರಡಿ, ಒಣಗಿಸಿ, ಡ್ರಮ್ಮಿಗೆ ತುಂಬಿ, ಅನ್ನ ಕಲಸುವಾಗಲೂ ಹಳದಿ, ತಲೆ ಬಾಚುವಾಗಲೂ ಹಳದಿ, ತೊಳ್ದ್ರೂ ಓಗಲ್ಲ ಕಣಮ್ಮಿ, ಇನ್ನೇನ್ ಕೈಯ ಕುಯ್ದಾಕ್ಬೇಕಷ್ಟೆ. ಆ ಅರಿಶಿನ ಪುಟ್ಟಿಯನ್ನು ಮುಟ್ಟಬಹುದು. ಯಾರು ಮುಟ್ಟಿ ಮಾಡಿದ್ದು ಅಂತ ಅರಿಶಿನವನ್ನು ಯಾರೂ ಕೇಳುವುದಿಲ್ಲ, ಯಾವ ಬೀದಿ ಅಂತ ಕೇಳುವುದಿಲ್ಲ, ನನ್ನನ್ನು ಕೇಳಿದರು. ಮಂಗಳಾರತಿ ಆಯಿತು. ನಾನು ಎಂದಿನ ಹಾಗೆ ರೆಕ್ಕೆಯ ಕೆಳಗೆ ಬೆರಳು ಇಡಲು ಹೋದೆ, ಹೋಗಲೇಬೇಕಲ್ಲ, ಬಾಲಕ್ಕೆ ಅಷ್ಟು ಭಾರ ಬಿದ್ದಿದೆ. ನೀಲಕಂಠಸ್ವಾಮಿಯವರು ಸುಧಾಕರ್ ಸರ್ ಕಿವಿಯಲ್ಲಿ ಏನೋ ಅಂದರು, ಕಿವಿಯಲ್ಲಿ ಅಂದರೂ ಕೇಳಿಸುವ ಗಂಟಲು ಅವರದ್ದು, ಪೂಜೆ ಆದ್ಮೇಲೆ ಅದು ದೇವ್ರಿದ್ದಂಗೆ ಮೇಷ್ಟ್ರೆ, ಎಲ್ರೂ ಮುಟ್ಟಂಗ್ ಮಾಡ್ಬ್ಯಾಡಿ, ನಾಕ್ ಜನ ನೋಡ್ತಾವ್ರೆ. ಸುಧಾಕರ್ ಸರ್ ನನ್ನ ಹತ್ತಿರ ಬಂದರು. ನಗುತ್ತಲೇ ಬಂದರು. ರಂಜಿನಿ, ಪೂಜೆ ಆದ ಮೇಲೆ ವಿಮಾನ ಮುಟ್ಟಬೇಡಮ್ಮ, ಸ್ಪಂದನಾ ನೋಡ್ಕೊಳ್ತಾಳೆ. ಅದೇ ದನಿ. ಬ್ಲೇಡು ಹುಷಾರು ಅನ್ನುವಾಗಿನ ದನಿ. ನನಗೆ ಮೊದಲು ಅರ್ಥವೇ ಆಗಲಿಲ್ಲ, ಕೈ ತೊಳೆದುಕೊಂಡು ಬರಲಾ ಸರ್ ಅಂದುಬಿಟ್ಟೆ. ಅಂದುಬಿಟ್ಟೆನಲ್ಲ, ಊಟದ ಕೈ ಅಂದುಕೊಂಡೆ. ಅವರು ನೆಲ ನೋಡಿದರು. ಆಗ ಅರ್ಥವಾಯಿತು, ಕಾಲಿನಿಂದ ಮೇಲಕ್ಕೆ, ತಣ್ಣನೆಯ ನೀರು ಏರಿದ ಹಾಗೆ. ಸ್ಪಂದನಾ ನನ್ನನ್ನು ನೋಡಿದಳು, ನೋಡಿ ದುಪಟ್ಟಾ ಸರಿಮಾಡಿಕೊಂಡಳು, ಬುಡೆ ರಂಜು, ಒಂದಿನ ತಾನೆ, ಯಾಕೆ ರಂಪ. ಒಂದೇ ಡಬ್ಬಿಯಲ್ಲಿ ತಿಂದವಳು. ಬೆಳಿಗ್ಗೆ ಪಂಪು ಹೊಡೆದ ಕೈ.

ಅವಳು ಎತ್ತಿ ನೋಡಿದಳು, ಎರಡು ಬೆರಳಲ್ಲಿ. ಬಾಲ ಧೊಪ್ಪನೆ ಬಾಗಿತು, ನಿಂಬೆಹಣ್ಣು ನೆಲಕ್ಕೆ ತಾಗಿತು. ನಾನು ದೂರದಿಂದಲೇ ಕಂಡೆ. ಸರ್, ಹಾರ ತೆಗೀಬೇಕು, ಎದ್ದ ತಕ್ಷಣ ಬೆನ್ನ ಮೇಲೆ ಬೀಳ್ತದೆ, ಮುಂದೆ ಶಾಲೆ ಮಕ್ಕಳು ಕೂತವ್ರೆ. ಅಧ್ಯಕ್ಷರು ಹಾಕಿದ ಹಾರ ಈಗಲೇ ತೆಗೆದ್ರೆ ಏನಂದ್ಕೋತಾರಮ್ಮ. ಸರ್ ನೀವೇ ಹೇಳಿದ್ದು. ಹೇಳಿದ್ದೆ, ಹೇಳಿದ್ದೆ, ನೋಡೋಣ ಇರು. ಆಮೇಲೆ ಈ ನೀರಿನ ಕ್ಯಾನುಗಳ ಹತ್ತಿರ ಕರೆದುಕೊಂಡು ಬಂದು ಉಳಿದದ್ದನ್ನು ಹೇಳಿದರು, ಮುಂದೆ ಕಿರಣ್ ನಿಲ್ತಾನೆ, ನೀನು ಇಲ್ಲಿಂದ ಹಾರಿಸು, ಸಂದೀಲಿ ಚೆನ್ನಾಗಿ ಕಾಣ್ತದೆ. ಅಷ್ಟು ಹೊತ್ತೂ ನಾನು ಶಿಬಿರಕ್ಕೆ ಬಂದಿದ್ದ ವಿಮಾನ ಕಂಪನಿಯ ಮೇಡಂ ಅವರನ್ನು ನೆನೆಯುತ್ತಿದ್ದೆ, ಕತ್ತರಿಸಿದ ಕೂದಲು, ಓಡಾಡುವಾಗ ಬೂಟಿನ ಸದ್ದು, ಬೆಳಿಗ್ಗೆ ಮೈಕಿನಲ್ಲಿ ಹೇಳಿದ್ದರು, ವಿಮಾನ ಇಳಿದ ತಕ್ಷಣ ಹಾರಿಸಿದವರನ್ನು ನನ್ನ ಹತ್ತಿರ ಕಳಿಸಿ, ನಮ್ಮಲ್ಲಿ ಟ್ರೇನಿಂಗಿಗೆ ಒಂದು ಜಾಗ ಇದೆ, ನಮಗೆ ಅಂಕ ಬೇಡ, ಕೈ ಬೇಕು. ಕೈ ಬೇಕು ಅಂದಿದ್ದರು. ಆ ಜಾಗ ನನ್ನದು ಅಂತ ಬೆಳಿಗ್ಗೆಯಿಂದ ಎಷ್ಟು ಸಲ ಮನಸ್ಸಿನಲ್ಲೇ ಹೋಗಿ ಕೂತಿದ್ದೇನೆ, ನಿಜವಾದ ರೆಕ್ಕೆ, ನಾನು ಕೆಳಗೆ ನಿಂತರೆ ಪೂರಾ ನೆರಳು ಬೀಳುವಂಥದ್ದು. ಈಗ ಪುಟ್ಟಿ ಇಳಿದ ಮೇಲೆ ಕಿರಣ್ ಹೋಗುತ್ತಾನೆ. ಸರ್, ಆ ಟ್ರೇನಿಂಗು? ನಿಂಗೂ ನೋಡೋಣಮ್ಮ, ಬರೋ ವರ್ಷ, ನಾನೇ ಹೇಳಿಸ್ತೀನಿ. ಬರುವ ವರ್ಷ ನಾನು ಕಾಲೇಜಿನಲ್ಲೇ ಇರುವುದಿಲ್ಲ, ಅದು ಅವರಿಗೂ ಗೊತ್ತು. ಕಿರಣ್ ಬಂದ, ಹಳೆಯ ರಿಮೋಟು ತೆಗೆದುಕೊಳ್ಳಲು, ಸಾರಿ ಕಣೆ ರಂಜು, ದೊಡ್ಡಪ್ಪ ಹೇಳ್ಬುಟ್ರು, ನಂಗೂ ಒಂಥರಾ ಆಯ್ತದೆ, ಅಂದ, ಮುಖದಲ್ಲಿ ನಿಜವಾಗಿಯೂ ಒಂಥರಾ ಇತ್ತು, ಅಂದುಕೊಂಡೇ ಬ್ಯಾಟರಿ ಇಲ್ಲದ ರಿಮೋಟಿನ ಮೇಲೆ ಎರಡು ಹೆಬ್ಬೆರಳಿಟ್ಟು ಆಡಿಸಿ ನೋಡಿದ, ಹಿಂಗೆ ತಾನೆ? ಎಡಗೈದು ಮೇಲಕ್ಕೆ ಅಂದ್ರೆ ಸ್ಪೀಡು ಅಲ್ವಾ? ನಾನು ಹೌದು ಅಂದೆ. ಸುಳ್ಳನ್ನು ತಪ್ಪಿಲ್ಲದೆ ಮಾಡಲಿ ಅಂತ ನಾನೇ ತಿದ್ದಿ ಕಳಿಸಿದೆ.

ಮೈಕು ಕೂಗುತ್ತಿದೆ. ನಮ್ಮ ಜಿಲ್ಲೆಯ ಹೆಮ್ಮೆ, ವಿಮಾನದ ಪೈಲಟ್, ಕಿರಣ್ ಕುಮಾರ್! ಚಪ್ಪಾಳೆ. ಬಟ್ಟೆ ಮುಚ್ಚಿಕೊಂಡಿತು, ತೆರೆಯಿತು. ಕಿರಣ್ ನಿಂತಿದ್ದಾನೆ, ಕೂಲಿಂಗ್ ಗ್ಲಾಸು, ಅವನ ಪಕ್ಕ ಬಿಳಿ ಪಂಚೆ, ಆಚೆ ಆ ಮೇಡಂ, ಕಣ್ಣಿಗೆ ಕೈ ಅಡ್ಡ ಹಿಡಿದು ಪುಟ್ಟಿಯನ್ನೇ ನೋಡುತ್ತಿದ್ದಾರೆ. ಸುಧಾಕರ್ ಸರ್ ನನ್ನ ಪಕ್ಕಕ್ಕೆ ಓಡಿ ಬಂದರು, ಹ್ಞೂಂ ರಂಜಿನಿ, ಮೋಟ್ರು ಶುರು ಮಾಡು. ಸರ್ ಬಾಲದಲ್ಲಿ ಹಾರ ಇದೆ, ನಿಂಬೆಹಣ್ಣಿದೆ, ಹಾಗೇ ಹಾರಿಸಕಾಗಲ್ಲ. ನನ್ನ ದನಿ ಗಟ್ಟಿಯಾಗಿತ್ತು, ಹಾರದ ಮಾತು ಸಿಕ್ಕಿತಲ್ಲ ಅಂತ ಒಳಗೊಳಗೇ ಎಷ್ಟು ನೆಮ್ಮದಿ, ಹಾರ ಇರುವವರೆಗೂ ನಾನು ಬೇರೇನೂ ಹೇಳಬೇಕಾಗಿಲ್ಲ. ಅವರು ನನ್ನ ಮುಖ ನೋಡಿದರು, ಮೈದಾನ ನೋಡಿದರು, ಮಕ್ಕಳನ್ನು ನೋಡಿದರು, ಸರಿ ಅಂದರು, ಹೊರಗೆ ಓಡಿದರು. ಸಂದಿಯಲ್ಲಿ ಕಾಣುತ್ತದೆ, ಸರ್ ಬಿಳಿ ಪಂಚೆಯ ಮುಂದೆ ಬಾಗುತ್ತಿದ್ದಾರೆ, ಏನೋ ಹೇಳುತ್ತಿದ್ದಾರೆ, ಬಿಳಿ ಪಂಚೆ ಹೂಂ ಅನ್ನುತ್ತಿದೆ, ಸ್ಪಂದನಾ ಹಾರ ಬಿಚ್ಚುತ್ತಿದ್ದಾಳೆ, ದಾರ ಕಡಿದು ನಿಂಬೆಹಣ್ಣನ್ನು ಆಚೆ ಇಟ್ಟಳು, ಎರಡು ಬೆರಳಲ್ಲಿ ಎತ್ತಿದಳು, ಮೂಗು ಚೂರು ಕೆಳಗೆ ಬಾಗಿತು. ಸರಿಯಾಗಿದೆ. ಪುಟ್ಟಿ ಸರಿಯಾಗಿದೆ. ಸರ್ ಏದುಸಿರು ಬಿಡುತ್ತಾ ಬಂದರು, ತೆಗೆಸಿದೆ ಕಣಮ್ಮ, ನಿಂಗೋಸ್ಕರ ಅವರ ಕೈಲಿ ಹೂಂ ಅನ್ನಿಸಿದೆ, ಇನ್ನೇನು, ಹಾರಿಸು. ನನಗೋಸ್ಕರ. ಹಾರಕ್ಕೆ ಹೂಂ ಅನ್ನಿಸಬಹುದಿತ್ತು. ಹಾಗಾದರೆ ಕೇಳಿದ್ದರೆ ನಾನು ಮುಟ್ಟುವುದಕ್ಕೂ — ಇಲ್ಲ, ಅದನ್ನು ಅವರು ಕೇಳಲೇ ಇಲ್ಲ, ಕೇಳಬೇಕು ಅಂತ ಅವರಿಗೆ ಹೊಳೆಯಲೂ ಇಲ್ಲ. ಎಡ ಹೆಬ್ಬೆರಳು ರಿಮೋಟಿನ ಕಡ್ಡಿಯ ಮೇಲಿದೆ, ಒಂದು ಕೂದಲೆಳೆಯಷ್ಟು ದೂಡಿದರೆ ಸಾಕು, ಗಾಳಿ ಎದುರಿಗಿದೆ, ಹಾದಿ ಖಾಲಿಯಿದೆ, ಹಾರಿಸುವ ಆಸೆ, ಎಂಥ ಆಸೆ.

ಹಾರಿಸಲ್ಲ ಸರ್. ಯಾರು ಅಂದದ್ದು. ನಾನೇ. ಏನಂದೆ? ಹಾರಿಸಲ್ಲ ಅಂದೆ ಸರ್. ತಮಾಷೆ ಮಾಡಬೇಡ ಶಿವರಂಜಿನಿ, ಎಲ್ಲಾರೂ ಕಾಯ್ತಿದಾರೆ, ಎಲ್ಲಾ ಸರಿ ಮಾಡಿದೀನಿ, ಇನ್ನೇನು ತೊಂದರೆ ಅದಕ್ಕೆ? ಅದಕ್ಕೇನೂ ತೊಂದರೆ ಇಲ್ಲ ಸರ್. ಮತ್ತೆ? ಗೊತ್ತಿದ್ದೂ ಕೇಳುತ್ತಿದ್ದಾರೆ, ರಿಮೋಟನ್ನು ಅವರ ಮುಂದೆ ಹಿಡಿದೆ, ನೀವೇ ಹಾರಿಸಿ ಸರ್, ತಗೊಳ್ಳಿ, ನಾನು ಮುಟ್ಟಿರೋದು, ಆದರೂ ತಗೊಳ್ಳಿ. ಅವರ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು, ಬಾಯಿ ಮುಚ್ಚು, ನಾನೇನು ಅಂಥೋನಾ, ನನ್ನದು ಕಾಂಟ್ರ್ಯಾಕ್ಟ್ ಕೆಲಸ ಕಣಮ್ಮ, ಅವರ ಒಂದು ಮಾತಿಗೆ ನಾಳೆ ಮನೇಲಿರ್ತೀನಿ, ನಿನ್ನ ಪ್ರಾಜೆಕ್ಟ್ ಪಾಸಾಗೋದು ನನ್ನ ಕೈಲಿದೆ ಮರೀಬೇಡ, ರಂಜಿನಿ, ಪ್ಲೀಸ್, ಒಂದು ಸುತ್ತು, ಒಂದೇ ಸುತ್ತು. ಬೈಗುಳ, ಬೆದರಿಕೆ, ಪ್ಲೀಸ್, ಮೂರೂ ಒಂದೇ ಉಸಿರಿನಲ್ಲಿ, ಕೆರೆಯಂಗಳದಲ್ಲಿ ಕರ್ಚೀಫು ಕಟ್ಟಿಕೊಂಡು ಓಡಿದ ಅದೇ ಮನುಷ್ಯ. ಪಾಸಾಗದಿದ್ದರೆ. ಅಮ್ಮನಿಗೆ ಏನು ಹೇಳಲಿ. ಗೊತ್ತಿಲ್ಲ. ಇದಕ್ಕಿಂತ ಆಚೆ ಏನೂ ಕಾಣುತ್ತಿಲ್ಲ, ಇಷ್ಟೇ ಕಾಣುತ್ತಿದೆ, ಈ ಸಂದಿಯಷ್ಟು. ಹಾರಿಸಲ್ಲ ಸರ್. ಮೈಕು ಮತ್ತೆ ಕೂಗಿತು, ಈಗ ಕಿರಣ್ ಕುಮಾರ್ ವಿಮಾನ ಹಾರಿಸುತ್ತಾರೆ, ಮಕ್ಕಳು ಹೋ ಅಂದರು, ಕಿರಣ್ ಎದೆ ಸೆಟೆಸಿದ, ಅವನ ಎಡ ಹೆಬ್ಬೆರಳು ಮೇಲಕ್ಕೆ ಹೋಯಿತು, ನಾನು ಹೇಳಿಕೊಟ್ಟ ಹಾಗೆ, ಸರಿಯಾಗಿ. ಪುಟ್ಟಿ ಕದಲಲಿಲ್ಲ. ಇನ್ನೊಮ್ಮೆ ಮೇಲಕ್ಕೆ. ಬಲ ಹೆಬ್ಬೆರಳೂ ಸೇರಿತು, ಮೇಲೆ, ಕೆಳಗೆ, ಪಕ್ಕಕ್ಕೆ, ಅವನು ನಗುತ್ತಿದ್ದಾನೆ, ನಗುತ್ತಲೇ ಶಾಮಿಯಾನದ ಕಡೆ ಕಣ್ಣು ಹಾಯಿಸಿದ, ಮೇಡಂ ಎರಡು ಹೆಜ್ಜೆ ಮುಂದೆ ಬಂದರು, ಈಗ ಅವರು ಪುಟ್ಟಿಯನ್ನು ನೋಡುತ್ತಿಲ್ಲ, ಅವನ ಕೈಯನ್ನು ನೋಡುತ್ತಿದ್ದಾರೆ, ಸುಧಾಕರ್ ಸರ್ ಏನೋ ಅನ್ನುತ್ತಿದ್ದಾರೆ, ಕೇಳಿಸುತ್ತಿಲ್ಲ, ಎರಡು ಹೆಬ್ಬೆರಳು, ಬಿಸಿಲಿನಲ್ಲಿ, ಬ್ಯಾಟರಿ ಇಲ್ಲದ ರಿಮೋಟಿನ ಮೇಲೆ, ಆಡುತ್ತಿವೆ, ಪುಟ್ಟಿ ನಿಂತಿದೆ, ಹೆಬ್ಬೆರಳು ಆಡುತ್ತಿವೆ, ಪುಟ್ಟಿ ನಿಂತಿದೆ, ಆಡುತ್ತಿವೆ